ಆಪ್ಟೇನ್ ಮೆಮೊರಿಗೆ ಬರೆಯುವಾಗ ಕೈ ಹಿಡಿತದಲ್ಲಿರಲಿ

ನಾನು ನೋಡಿಕೊಳ್ಳುವ ಸರ್ವರ್‌ನಲ್ಲಿ ಇಂಟೆಲ್ ಆಪ್ಟೇನ್‌ನ, ಅಂದರೆ ಕರೆಂಟ್ ಹೋದರೂ ಡೇಟಾ ಅಳಿಯದ ಮೆಮೊರಿಯ, ಆರು ಮಾಡ್ಯೂಲ್‌ಗಳಿವೆ, ಒಂದೊಂದೂ 128 ಜಿಬಿ. ಈ ವ್ಯವಹಾರ ನಿಲ್ಲಿಸುವುದಾಗಿ ಇಂಟೆಲ್ 2022ರಲ್ಲೇ ಹೇಳಿತು. ಹಾಗಾಗಿ ಇರುವುದನ್ನೇ ಜೋಪಾನ ಮಾಡಬೇಕು, ಅಲ್ವಾ? ನಿಮ್ಮ ಕೈಗೂ ಇಂಥ ಸರ್ವರ್ ಬಂದಿದ್ದರೆ ನಾನು ಕಲಿತದ್ದು ನಿಮಗೆ ಉಪಯೋಗವಾದೀತು.

ಮೊದಲು ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ. ಇದು ಫೇಸ್ ಚೇಂಜ್ ಮೆಮೊರಿ, ಅಂದರೆ ಒಂದು ವಸ್ತುವಿನ ಸ್ಥಿತಿ ಬದಲಿಸಿ ಡೇಟಾ ಇಡುವಂಥದ್ದು. ಚಿಕ್ಕಿಗೆ ಕಾಯಿಸಿದ ಪಾಕ ತಟ್ಟೆಗೆ ಸುರಿದರೆ ಬೇಗ ಆರಿ ಗಾಜಿನ ಹಾಗಾಗುತ್ತದೆ. ಸಕ್ಕರೆ ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ಹರಳು ಕಟ್ಟಿ ಕಲ್ಲುಸಕ್ಕರೆ ಆಗುತ್ತದೆ. ಇಲ್ಲಿ ಸಕ್ಕರೆಯ ಬದಲು ಜರ್ಮೇನಿಯಂ, ಆಂಟಿಮನಿ, ಟೆಲ್ಯೂರಿಯಂ ಸೇರಿದ ವಸ್ತು. ಸುಮಾರು 600 ಡಿಗ್ರಿಗೆ ಕರಗಿಸಿ ಥಟ್ಟನೆ ತಣಿಸಿದರೆ ಅದು ಗಾಜಾಗುತ್ತದೆ, ಕರೆಂಟ್ ಹರಿಯುವುದು ಕಷ್ಟ. ಕಡಿಮೆ ಬಿಸಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇಟ್ಟರೆ ಹರಳಾಗುತ್ತದೆ, ಕರೆಂಟ್ ಸಲೀಸಾಗಿ ಹರಿಯುತ್ತದೆ. ಸೊನ್ನೆ, ಒಂದು ಅಂದರೆ ಇಷ್ಟೇ.

ಓದುವುದಕ್ಕೆ ಸಣ್ಣ ವೋಲ್ಟೇಜ್ ಸಾಕು. ಬರೆಯಬೇಕಾದರೆ ಪ್ರತಿ ಸಲವೂ ಒಲೆ ಹಚ್ಚಬೇಕು. ಕಾಯಿಸಿ ಕಾಯಿಸಿ ಒಳಗಿನ ಧಾತುಗಳು ಜಾಗ ಬಿಟ್ಟು ಸರಿಯುತ್ತವೆ, ಟೊಳ್ಳು ಬೀಳುತ್ತದೆ. ಕೊನೆಗೆ ಡೇಟಾ ಇಡುವ ಆ ಪುಟ್ಟ ಕೋಶ ಒಂದೇ ಸ್ಥಿತಿಗೆ ಅಂಟಿಕೊಂಡುಬಿಡುತ್ತದೆ. ವೇಗ ಬೇಕಾದರೂ ಬಾಳಿಕೆ ಬೇಕಾದರೂ ಬರೆಯುವುದನ್ನೇ ಕಡಿಮೆ ಮಾಡಬೇಕು.

ನಮಗೆ ಅತಿ ಹೆಚ್ಚು ಲಾಭ ಕೊಟ್ಟದ್ದು 256 ಎಂಬ ಸಂಖ್ಯೆ. ಪ್ರೊಸೆಸರ್ 64 ಬೈಟ್‌ಗಳ ಲೆಕ್ಕದಲ್ಲಿ ಕಳಿಸುತ್ತದೆ. ಆದರೆ ಮಾಡ್ಯೂಲ್ ಒಳಗೆ ಕೆಲಸ ನಡೆಯುವುದು 256 ಬೈಟ್‌ಗಳ ತುಂಡಿನಲ್ಲಿ. ನೀವು ಎಲ್ಲೋ ಒಂದು ಕಡೆ 64 ಬೈಟ್ ಬರೆದರೆ ಅದು 256 ಓದಿ, ನಿಮ್ಮದನ್ನು ಸೇರಿಸಿ, ಮತ್ತೆ 256 ಬರೆಯುತ್ತದೆ. ನಮ್ಮ ಪ್ರೋಗ್ರಾಂ ಮಾಡುತ್ತಿದ್ದದ್ದು ಇದನ್ನೇ. ಗ್ರಾಹಕರ ಒಂದೊಂದು ವಹಿವಾಟಿಗೂ ಚದುರಿದ ಜಾಗದಲ್ಲಿ ಪುಟ್ಟ ಕೌಂಟರ್ ಬದಲಾಗುತ್ತಿತ್ತು. ಅವನ್ನು ಮೊದಲು ಮಾಮೂಲಿ ರ‍್ಯಾಮ್‌ನಲ್ಲಿ ಕೂಡಿಟ್ಟೆ. 256ರ ಗಡಿಗೆ ಸರಿಯಾಗಿ ಹೊಂದಿಸಿ, ಲಾಗ್ ರೂಪದಲ್ಲಿ ಸಾಲಾಗಿ ಬರೆಸಿದೆ. ಮಧ್ಯರಾತ್ರಿ ದಾಟುತ್ತಿದ್ದ ದಿನದ ಲೆಕ್ಕ ಹನ್ನೊಂದಕ್ಕೆಲ್ಲ ಮುಗಿಯತೊಡಗಿತು.

ಇನ್ನೊಂದು ಅಭ್ಯಾಸ: ಬರೆಯುವ ಮೊದಲು ಹಳೆಯದನ್ನು ಓದಿ ಹೋಲಿಸಿ. ಬದಲಾಗಿರದಿದ್ದರೆ ಸುಮ್ನೆ ಬಿಟ್ಟುಬಿಡಿ. ಚಿಪ್ ವಿನ್ಯಾಸ ಮಾಡುವವರ ದಾರಿಯೂ ಇದೇ. 2009ರ ಫ್ಲಿಪ್-ಎನ್-ರೈಟ್ ಎಂಬ ಉಪಾಯದಲ್ಲಿ, ಅರ್ಧಕ್ಕಿಂತ ಜಾಸ್ತಿ ಬಿಟ್‌ಗಳು ಬದಲಾಗಬೇಕಿದ್ದರೆ ಸೊನ್ನೆಯನ್ನು ಒಂದಾಗಿ, ಒಂದನ್ನು ಸೊನ್ನೆಯಾಗಿ ತಿರುಗಿಸಿ ಎಲ್ಲವನ್ನೂ ಬರೆದು, ಹಾಗೆ ಮಾಡಿದ್ದೇವೆ ಎಂದು ಒಂದು ಬಿಟ್‌ನಲ್ಲಿ ಗುರುತು ಹಾಕುತ್ತಾರೆ. ನನಗೆ ತುಂಬಾ ಇಷ್ಟವಾದ ಯೋಚನೆ ಇದು. ಸವೆತವನ್ನು ಎಲ್ಲಾ ಕೋಶಗಳಿಗೆ ಹಂಚುವ ಕೆಲಸ ಆಪ್ಟೇನ್‌ನ ಕಂಟ್ರೋಲರ್‌ದು. ಅದಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಥ್ರೆಡ್‌ಗಳನ್ನು, ಅಂದರೆ ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ನಡೆಯುವ ಕೆಲಸಗಳನ್ನು, ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂದು ನಂಬಬೇಡಿ. ಮೊದಲ ತಲೆಮಾರಿನ ಒಂದು ಮಾಡ್ಯೂಲ್ ಸೆಕೆಂಡಿಗೆ ಸುಮಾರು 6.6 ಜಿಬಿ ಓದಿದರೆ, ಬರೆಯುವುದು 2.3 ಜಿಬಿ ಮಾತ್ರ. ಕೆಲವೇ ಥ್ರೆಡ್‌ಗಳಿಗೆ ಅದು ತುಂಬಿಹೋಗುತ್ತದೆ, ಆಮೇಲೆ ವೇಗ ಇಳಿಯುತ್ತದೆ. ಒಂದರಿಂದ ಶುರು ಮಾಡಿ, ಒಂದೊಂದೇ ಸೇರಿಸುತ್ತಾ ಅಳೆಯಿರಿ.

ಈಗ ನನ್ನನ್ನು ನಿದ್ದೆಗೆಡಿಸಿದ ವಿಷಯ. ಒಂದು ಸಂಜೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಸರ್ವರ್ ಮತ್ತೆ ಏಳುವಾಗ ಕೊನೆಯ ಕೆಲವು ವಹಿವಾಟುಗಳೇ ಇರಲಿಲ್ಲ. ಕರೆಂಟ್ ಹೋದರೂ ಅಳಿಯದ ಮೆಮೊರಿ ಅಲ್ವಾ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಡೇಟಾ ಮೆಮೊರಿಯವರೆಗೆ ತಲುಪಿರಲೇ ಇಲ್ಲ, ಪ್ರೊಸೆಸರ್ ತನ್ನೊಳಗೆ ತಾತ್ಕಾಲಿಕವಾಗಿ ಡೇಟಾ ಇಟ್ಟುಕೊಳ್ಳುವ ಕ್ಯಾಶ್‌ನಲ್ಲೇ ಉಳಿದಿತ್ತು. ನಮ್ಮಂಥ ಮೊದಲ ತಲೆಮಾರಿನ ಸರ್ವರ್‌ನಲ್ಲಿ ಕ್ಯಾಶ್‌ಗೆ ರಕ್ಷಣೆ ಇಲ್ಲ. ಬರೆದ ಮೇಲೆ ಕ್ಯಾಶ್‌ನಿಂದ ಹೊರಗೆ ತಳ್ಳಿಸಿ, ಅದು ಮುಗಿಯುವವರೆಗೆ ಕಾಯಲೇಬೇಕು. ಕೈಯಿಂದ ಮಾಡಲು ಹೋಗಬೇಡಿ, ಇಂಥ ಮೆಮೊರಿಗೆಂದೇ ಇರುವ ಪಿಎಂಡಿಕೆ (PMDK) ಎಂಬ ಸಿದ್ಧ ಕೋಡ್ ಲೈಬ್ರರಿಗೆ ಬಿಡಿ. ಜೊತೆಗೆ ಇದನ್ನೂ ನೆನಪಿಡಿ: ಒಂದೇ ಏಟಿಗೆ ಪೂರ್ತಿಯಾಗಿ ಬರೆಯುವ ಖಾತ್ರಿ ಇರುವುದು 8 ಬೈಟ್‌ಗೆ ಮಾತ್ರ. ಮೊದಲು ಡೇಟಾ ಬರೆದು ಗಟ್ಟಿ ಮಾಡಿಕೊಳ್ಳಿ, ಆಮೇಲೆ "ಇದು ಮುಗಿದಿದೆ" ಎಂಬ 8 ಬೈಟ್‌ನ ಗುರುತು ಹಾಕಿ.

ತಿಂಗಳಿಗೊಮ್ಮೆ ಈ ಮಾಡ್ಯೂಲ್‌ಗಳನ್ನು ನೋಡಿಕೊಳ್ಳುವ ಐಪಿಎಂಸಿಟಿಎಲ್ (ipmctl) ಕಮಾಂಡ್ ಓಡಿಸಿ ಸೆನ್ಸರ್ ಪಟ್ಟಿ ನೋಡಿ. ಆಯಸ್ಸು ಶೇಕಡಾ ಎಷ್ಟು ಉಳಿದಿದೆ, ಒಳಗೆ ಬಿಸಿ ಎಷ್ಟಿದೆ, ಎರಡೂ ಅಲ್ಲಿರುತ್ತವೆ. ಬಿಸಿ ಜಾಸ್ತಿಯಾದರೆ ಮಾಡ್ಯೂಲ್ ತಾನೇ ನಿಧಾನವಾಗುತ್ತದೆ. ಫ್ಯಾನ್ ಮುಂದಿನ ಧೂಳು ಒರೆಸಿಯೇ ನಾನು ಒಮ್ಮೆ ವೇಗ ವಾಪಸ್ ಪಡೆದಿದ್ದೇನೆ. ಕೆಟ್ಟ ಜಾಗಗಳು ಲಿನಕ್ಸ್‌ನ ಎನ್‌ಡಿಸಿಟಿಎಲ್ (ndctl) ಕಮಾಂಡ್ ಕೊಡುವ ಪಟ್ಟಿಯಲ್ಲಿ ಕಂಡರೆ ಅವಸರದಲ್ಲಿ ಅಳಿಸಬೇಡಿ. ಆ ಜಾಗದಲ್ಲಿ ಯಾವ ಫೈಲ್ ಇತ್ತು ಎಂದು ಮೊದಲು ಬರೆದಿಟ್ಟುಕೊಳ್ಳಿ. ದೋಷ ತೆರವು ಮಾಡಿದರೂ ಹಳೆಯ ಡೇಟಾ ಬರುವುದಿಲ್ಲ, ಬ್ಯಾಕಪ್‌ನಿಂದ ನೀವೇ ತುಂಬಬೇಕು.