ಚಳವಳಿಗಳ ವಿಡಿಯೊ ಕ್ಯಾಸೆಟ್‌ಗಳನ್ನು ಡಿಜಿಟಲ್‌ಗೆ ಇಳಿಸುವ ನನ್ನ ಕ್ರಮ

ಎಂಬತ್ತರ ದಶಕದ ಕೊನೆ ಮತ್ತು ತೊಂಬತ್ತರ ದಶಕದ ರೈತ ಸಮಾವೇಶ, ಧರಣಿ, ಬೀದಿ ನಾಟಕ, ಚುನಾವಣಾ ಭಾಷಣಗಳೆಂದು ನನ್ನ ಕೈಗೆ ಬರುವುದು ಬಹುಪಾಲು ವಿಎಚ್‌ಎಸ್ ಕ್ಯಾಸೆಟ್. ಚಿತ್ರೀಕರಿಸಿದವರು ಹೆಚ್ಚಾಗಿ ಊರಿನ ಮದುವೆ ವಿಡಿಯೊದವರು. ಮದುವೆಯ ಟೇಪಿನ ಬಾಲದಲ್ಲಿ ಜಾಥಾ ಇರುತ್ತದೆ, ಜಾಥಾದ ಮೇಲೆ ಟಿವಿಯ ಸಿನಿಮಾ ರೆಕಾರ್ಡ್ ಆಗಿರುತ್ತದೆ. ಹಾಗಾಗಿ ಇ-180 ಕ್ಯಾಸೆಟ್ಟಾದರೆ ಮೂರು ಗಂಟೆಯನ್ನೂ ಮೊದಲಿಂದ ಕೊನೆಯವರೆಗೆ ಇಳಿಸುತ್ತೇನೆ. ನಡುವೆ ಬರೀ ಚುಕ್ಕೆ ಬಂದರೂ ನಿಲ್ಲಿಸುವುದಿಲ್ಲ. ಭಾಷಣ ಶುರುವಾಗುವ ಮೊದಲು ಕ್ಯಾಮೆರಾ ಸುಮ್ಮನೆ ಜನರ ಮೇಲೆ ಹೊರಳಿದ ಭಾಗವೇ ಎಷ್ಟೋ ಸಲ ಭಾಷಣಕ್ಕಿಂತ ಬೆಲೆಯುಳ್ಳದ್ದು.

ಕ್ಯಾಸೆಟ್ ಬಂದ ಕೂಡಲೇ ಬೆನ್ನಿನ ಎಡತುದಿಯಲ್ಲಿರುವ ಪ್ಲಾಸ್ಟಿಕ್ ಕಿವಿಯನ್ನು ಮುರಿಯುತ್ತೇನೆ. ಆಮೇಲೆ ಯಾರೇ ತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಯುವುದಿಲ್ಲ. ಲೇಬಲ್ಲಿನ ಬರಹವನ್ನು ಕಾಗುಣಿತದ ತಪ್ಪಿನ ಸಮೇತ ಇದ್ದ ಹಾಗೇ ಬರೆದುಕೊಂಡು, ಎಲ್ಲಾ ಬದಿಗಳ ಫೋಟೊ ತೆಗೆಯುತ್ತೇನೆ.

ನಮ್ಮ ಕರಾವಳಿ, ಮಲೆನಾಡಿನ ಕ್ಯಾಸೆಟ್‌ಗಳ ದೊಡ್ಡ ಶತ್ರು ಬೂಷ್ಟು. ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯೋ ಜೇಡರ ಬಲೆಯಂಥದ್ದೋ ಕಂಡರೆ ಅದನ್ನು ಒಳ್ಳೆಯ ಡೆಕ್‌ಗೆ (ಕ್ಯಾಸೆಟ್ ಆಡಿಸುವ ಯಂತ್ರಕ್ಕೆ) ಹಾಕಲೇಬಾರದು. ಒಂದು ಕ್ಯಾಸೆಟ್ಟಿನ ಬೂಷ್ಟು ಡೆಕ್ಕಿನ ಮೂಲಕ ಮುಂದಿನ ಎಲ್ಲಾ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಒಳಗಿನ ತೇವಾಂಶ ಶೇ 40ಕ್ಕಿಂತ ಕೆಳಗಿಳಿದು ಕೆಲವು ದಿನ ಹಾಗೇ ನಿಲ್ಲುವವರೆಗೆ ಕಾಯುತ್ತೇನೆ. ಆಗ ಬೂಷ್ಟು ಒಣಗಿ ಪುಡಿಯಾಗುತ್ತದೆ. ಬಿಸಿಲಿಗೆ ಇಡುವುದು, ಫ್ರಿಜ್‌ನಲ್ಲಿ ಇಡುವುದು ಎರಡೂ ಕೂಡದು. ಮೊದಲನೆಯದರಲ್ಲಿ ಟೇಪು ಸೊಟ್ಟಗಾಗುತ್ತದೆ, ಎರಡನೆಯದರಲ್ಲಿ ಹೊರತೆಗೆದಾಗ ನೀರು ಕೂರುತ್ತದೆ. ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು, ಇದಕ್ಕೆಂದೇ ಮೀಸಲಿಟ್ಟ ಹಳೇ ವಿಸಿಆರ್‌ನಲ್ಲಿ ನೂಲು ಬಿಡದ ಬಟ್ಟೆಗೆ ಟೇಪು ತಾಗುವಂತೆ ಮಾಡಿ ನಿಧಾನವಾಗಿ ಸುತ್ತಿಸುತ್ತೇನೆ. ಪೆಟ್ಟಿಗೆಯೇ ಹಾಳಾಗಿದ್ದರೆ ಅಡಿಯ ಐದು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಬೇರೆ ಪೆಟ್ಟಿಗೆಗೆ ವರ್ಗಾಯಿಸಿದರಾಯಿತು.

ಹೆಡ್ ಡ್ರಮ್ (ಟೇಪನ್ನು ಓದುವ ಹೆಡ್‌ಗಳಿರುವ, ತಿರುಗುವ ಉರುಳೆ) ಒರೆಸುವ ಬಗೆಯನ್ನು ಒತ್ತಿ ಹೇಳಬೇಕು. ಶ್ಯಾಮಿ ಚರ್ಮದ ಕಡ್ಡಿಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಕಡ್ಡಿಯನ್ನು ಅಲುಗಾಡದಂತೆ ಹಿಡಿದು, ಡ್ರಮ್ಮನ್ನು ಬೆರಳಿನಿಂದ ತಿರುಗಿಸಬೇಕು. ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ಇಳಿಸುವ ಮುನ್ನ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸುತ್ತೇನೆ, ಸುರುಳಿಯ ಬಿಗಿ ಸಮವಾಗುತ್ತದೆ. ನಮ್ಮ ಟಿವಿಗಳು ಬಳಸುತ್ತಿದ್ದ ಪಾಲ್ ಪದ್ಧತಿಯ ಎಸ್-ವಿಎಚ್‌ಎಸ್ ಡೆಕ್, ಅಲ್ಲಿಂದ ಎಸ್-ವಿಡಿಯೊ ಕೇಬಲ್ ಮೂಲಕ ಟೈಮ್ ಬೇಸ್ ಕರೆಕ್ಟರ್ (ಸಂಕೇತದ ಅಲುಗಾಟವನ್ನು ಸರಿಪಡಿಸುವ ಪೆಟ್ಟಿಗೆ), ಆಮೇಲೆ ವಿಡಿಯೊವನ್ನು ಕಂಪ್ಯೂಟರಿಗೆ ಸೇರಿಸುವ ಕ್ಯಾಪ್ಚರ್ ಕಾರ್ಡ್. ನಡುವಿನ ಪೆಟ್ಟಿಗೆ ದುಬಾರಿ, ಆದರೆ ಅದಿಲ್ಲದೆ ಅಲುಗುವ ವಿಎಚ್‌ಎಸ್ ಸಂಕೇತವನ್ನು ಕಾರ್ಡ್ ಅಲ್ಲಲ್ಲಿ ಬಿಟ್ಟುಬಿಡುತ್ತದೆ. ಫ್ರೇಮು ಕಳೆದಂತೆಲ್ಲ ಮಾತು ತುಟಿಯಿಂದ ದೂರವಾಗುತ್ತಾ ಹೋಗುತ್ತದೆ. ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಈ ತೊಂದರೆ ಸಾಮಾನ್ಯ. ಹೆಡ್ ಟೇಪಿನ ಜಾಡಿನ ಮೇಲೆ ಸರಿಯಾಗಿ ಕೂರುವಂತೆ ಮಾಡುವ ಟ್ರ್ಯಾಕಿಂಗ್ ಗುಂಡಿಯನ್ನು ಪ್ರತಿ ಹೊಸ ಚಿತ್ರೀಕರಣಕ್ಕೂ ಹೊಸದಾಗಿ ಹೊಂದಿಸಬೇಕು, ಏಕೆಂದರೆ ಕ್ಯಾಮೆರಾ ಬೇರೆ ಬೇರೆ. ಗುಂಡಿ ತಿರುಗಿಸಿದರೂ ಜಾಗ ಬಿಡದ ಗೆರೆಗಳು ಕಂಡರೆ ನಿಮ್ಮ ಕೈಯಲ್ಲಿರುವುದು ನಕಲು ಕ್ಯಾಸೆಟ್ ಇರಬಹುದು. ಮೂಲ ಯಾರ ಬಳಿ ಇದೆ ಎಂದು ಕೇಳಿ.

ಬೆಳಕಿನ ಮಟ್ಟಕ್ಕೆ ನನ್ನ ಅಳತೆ ರಾಜಕಾರಣಿಗಳ ಬಿಳಿ ಜುಬ್ಬ. ಮಟಮಟ ಮಧ್ಯಾಹ್ನದ ಸಭೆಯಲ್ಲಿ ಅದರ ನೆರಿಗೆ ಅಳಿಸಿಹೋಗದಂತೆ ವೇವ್‌ಫಾರ್ಮ್ (ಚಿತ್ರದ ಬೆಳಕಿನ ಮಟ್ಟ ತೋರಿಸುವ ನಕ್ಷೆ) ನೋಡಿ ಮಟ್ಟ ಇಳಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಧ್ವನಿ 48 ಕಿಲೊಹರ್ಟ್ಸ್, 24 ಬಿಟ್. ಹೈ-ಫೈ ಟ್ರ್ಯಾಕ್ ಪಟಪಟ ಸಿಡಿದರೆ ಸಾದಾ ಟ್ರ್ಯಾಕಿಗೆ ಬದಲಾಯಿಸುತ್ತೇನೆ. ಹಾರ್ನ್ ಸ್ಪೀಕರಿನ ಒಡೆದ ದನಿಯನ್ನು ಡಿಜಿಟಲ್ ಮೂಲ ಪ್ರತಿಯಲ್ಲಿ ತಿದ್ದುವುದಿಲ್ಲ.

ಮೂಲ ಪ್ರತಿ 720×576, 10 ಬಿಟ್, ಇಂಟರ್‌ಲೇಸ್ (ಫ್ರೇಮನ್ನು ಸರಿ-ಬೆಸ ಗೆರೆಗಳ ಎರಡು ಅರ್ಧಗಳಾಗಿ ಇಡುವ ಕ್ರಮ) ಹಾಗೇ ಉಳಿಸಿ, ಎಂಕೆವಿ ಕಡತದೊಳಗೆ ಎಫ್‌ಎಫ್‌ವಿ1 (ಏನೂ ಕಳೆಯದೆ ಗಾತ್ರ ಕುಗ್ಗಿಸುವ ವಿಧಾನ). ಗಾತ್ರ ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 100 ಜಿಬಿ, ಹೀಗೆ ಇಟ್ಟರೆ ಅದರ ಅರ್ಧಕ್ಕಿಂತ ಕಡಿಮೆ, ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ. ಕೆಳ ಅಂಚಿನ ಹರಿದ ಗೆರೆ ಕತ್ತರಿಸುವುದು, ಸೆಕೆಂಡಿಗೆ 50 ಫ್ರೇಮಿಗೆ ಡಿಇಂಟರ್‌ಲೇಸ್ ಮಾಡುವುದು ಎಲ್ಲ ನೋಡುವ ಪ್ರತಿಯಲ್ಲಿ ಮಾತ್ರ. ಚೆಕ್‌ಸಮ್ (ಕಡತ ಮುಂದೆ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಬರೆದು ಮೂರು ಪ್ರತಿ ಇಡುತ್ತೇನೆ, ಒಂದು ಬೇರೆ ಊರಿನಲ್ಲಿ. ಡಿಜಿಟಲ್ ಆಗಿಯೇ ರೆಕಾರ್ಡಾದ ಚಿಕ್ಕ ಮಿನಿ ಡಿವಿ ಕ್ಯಾಸೆಟ್ಟಾದರೆ ಇಷ್ಟು ಕಷ್ಟವಿಲ್ಲ: ಫೈರ್‌ವೈರ್ ಕೇಬಲ್ಲಿನಿಂದ ದತ್ತಾಂಶವನ್ನೇ ನೇರ ಎತ್ತಿಕೊಳ್ಳಬಹುದು, ಗಂಟೆಗೆ 13 ಜಿಬಿ.

ಇನ್ನು ಕಾಲ ಗುರುತಿಸುವುದು. ಪರದೆಯ ಮೂಲೆಯ ದಿನಾಂಕವನ್ನು ನಂಬುವುದಿಲ್ಲ. ಗಡಿಯಾರದ ಬ್ಯಾಟರಿ ಸತ್ತ ಕ್ಯಾಮೆರಾಗಳು ಯಾವಾಗಲೂ ಜನವರಿ 1 ತೋರಿಸುತ್ತವೆ. ಗೋಡೆ ಬರಹ, ವಾಹನ, ಅಂಗಡಿ ಬೋರ್ಡು ಓದುತ್ತೇನೆ. ಕಾಂಗ್ರೆಸ್ಸಿಗೆ ಹಸು-ಕರು ಇದ್ದರೆ 1971–77ರ ಚುನಾವಣೆಗಳ ಬರಹ, ಕೈ ಇದ್ದರೆ 1978ರ ನಂತರದ್ದು, ಕಮಲ 1980ರ ನಂತರದ್ದು. ‘ಕೆಎ’ ನಂಬರ್ ಪ್ಲೇಟು 1989ರ ಜುಲೈಗೆ ಮೊದಲು ಇರಲಿಲ್ಲ. ಬೋರ್ಡಿನಲ್ಲಿ ‘ಹಾವೇರಿ ಜಿಲ್ಲೆ’, ‘ಗದಗ ಜಿಲ್ಲೆ’ ಎಂದಿದ್ದರೆ 1997ರ ಈಚೆ. ಬೆಂಗಳೂರಿನ ಫೋನ್ ನಂಬರು 2ರಿಂದ ಶುರುವಾಗಿ ಎಂಟು ಅಂಕಿ ಇದ್ದರೆ 2002ರ ಕೊನೆಯ ಈಚೆ. ಗೋಡೆ ಬರಹ ಚುನಾವಣೆ ಮುಗಿದು ವರ್ಷಗಟ್ಟಲೆ ಉಳಿಯುತ್ತದೆ, ಆದ್ದರಿಂದ ಇವೆಲ್ಲ ‘ಇದಕ್ಕಿಂತ ಹಿಂದಿನದ್ದಲ್ಲ’ ಎಂದಷ್ಟೇ ಹೇಳಬಲ್ಲವು.

ವೇದಿಕೆಯ ಮೇಲೆ ನಟರಿದ್ದಾಗ ಜನ ಮುಖ ನೋಡಿ ವರ್ಷ ಹೇಳಿಬಿಡುತ್ತಾರೆ. ಡಾ. ರಾಜ್‌ಕುಮಾರ್ ಕನ್ನಡದ ಬಾವುಟದಡಿ ಮಾತಾಡುತ್ತಿದ್ದ ತುಣುಕೆಲ್ಲ 1982ರ ಗೋಕಾಕ್ ಚಳವಳಿಯದೆಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಬ್ಯಾನರ್ ಓದಿ, ಘೋಷಣೆ ಕೇಳಿಸಿಕೊಳ್ಳಿ. ಅಂಬರೀಶ್ ಮಂಡ್ಯದಿಂದ 1998ರಲ್ಲಿ ಗೆದ್ದದ್ದು ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದ. ಇಲ್ಲೂ ಮುಖಕ್ಕಿಂತ ಮೊದಲು ಬಾವುಟ ನೋಡಬೇಕು.

ಹಂಚುವ ಮೊದಲು ಚಿತ್ರೀಕರಿಸಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯುತ್ತೇನೆ. ಚಲನಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಬೀದಿ ನಾಟಕವಾದರೆ ನಾಟಕ ಮತ್ತು ಹಾಡು ಬರೆದವರ ಹಕ್ಕು ಪ್ರತ್ಯೇಕ. ಲಾಠಿ ಪ್ರಹಾರ, ಬಂಧನದ ದೃಶ್ಯಗಳಲ್ಲಿ ಸಾಮಾನ್ಯ ಜನರ ಮುಖ ಸ್ಪಷ್ಟವಾಗಿದ್ದರೆ ಆ ಭಾಗವನ್ನು ಸಾರ್ವಜನಿಕವಾಗಿ ಬಿಡುವ ಮೊದಲು ಆ ಊರಿನ ಸಂಘಟನೆಯ ಹಿರಿಯರಿಗೆ ತೋರಿಸುತ್ತೇನೆ. ಅವರು ಬೇಡವೆಂದರೆ ಅದು ಸಂಶೋಧಕರು ಬಂದು ನೋಡುವ ಕಡತವಾಗಿಯೇ ಇರುತ್ತದೆ.