ಕೋಳಿ ಎಲುಬಿನ ರಸವನ್ನು ಮನೆಯಲ್ಲಿಯೇ ತಯಾರಿಸುವ ವಿಧಾನ

ರಾಯಚೂರಿನ ಕೋಳಿ ಅಂಗಡಿಗಳಲ್ಲಿ ಬೆನ್ನೆಲುಬು, ಕುತ್ತಿಗೆ ಮತ್ತು ಕಾಲುಗಳನ್ನು ಬೇರೆಯಾಗಿ ಕೇಳಿ ಪಡೆಯಿರಿ. ಒಳ್ಳೆಯ ರಸಕ್ಕೆ ಬೇಕಾದದ್ದು ಇವೇ. ಜವಾರಿ ಕೋಳಿಯ ಎಲುಬಾದರೆ ರುಚಿ ಹೆಚ್ಚು, ಆದರೆ ಬೇಯಲು ಹೊತ್ತು ಹಿಡಿಯುತ್ತದೆ. ಕಾಲುಗಳನ್ನಂತೂ ಬಿಡಲೇಬಾರದು, ಏಕೆಂದರೆ ಅವುಗಳ ಚರ್ಮದಲ್ಲಿ ಹೇರಳವಾಗಿರುವ ಕೊಲಾಜೆನ್ ಎಂಬ ಪ್ರೋಟೀನು ನಿಧಾನವಾದ ಶಾಖಕ್ಕೆ ಜೆಲಾಟಿನ್ ಎಂಬ ಅಂಟಿನಂಥ ಪದಾರ್ಥವಾಗಿ ಕರಗಿ ರಸವನ್ನು ಗಟ್ಟಿಗೊಳಿಸುತ್ತದೆ. ಅವನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಹಳದಿ ಹೊರಪೊರೆ ಸುಲಭವಾಗಿ ಸುಲಿದು ಬರುತ್ತದೆ. ಉಗುರುಗಳನ್ನು ಕತ್ತರಿಸಿ ತೆಗೆಯಿರಿ.

1 ಕಿಲೋ ಎಲುಬಿಗೆ ಸುಮಾರು 2.5 ಲೀಟರ್ ತಣ್ಣೀರು ಹಾಕಿ ಒಲೆಯ ಮೇಲಿಡಿ. ಕುದಿ ಬರುವ ಹೊತ್ತಿಗೆ ಅಂಚಿನಲ್ಲಿ ಬೂದುಬಣ್ಣದ ನೊರೆ ಕಟ್ಟುತ್ತದೆ; ಅದನ್ನು ಸೌಟಿನಿಂದ ಪೂರ್ತಿಯಾಗಿ ತೆಗೆದ ಬಳಿಕವೇ ಉಳ್ಳಾಗಡ್ಡಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು ಮತ್ತು ಚಿಟಿಕೆ ಅರಿಶಿನವನ್ನು ಸೇರಿಸಬೇಕು. ನಂತರ ಅಲ್ಲೊಂದು ಇಲ್ಲೊಂದು ಗುಳ್ಳೆ ಮಾತ್ರ ಏಳುವಷ್ಟು ಸಣ್ಣ ಉರಿಯಲ್ಲಿ 4 ಗಂಟೆ ಬೇಯಿಸಿ. ಜೋರಾಗಿ ಕುದಿಸಿದರೆ ಕೊಬ್ಬು ನೀರಿನೊಡನೆ ಬೆರೆತು ರಸ ಕದಡುತ್ತದೆ. ಕುಕ್ಕರಿನಲ್ಲಾದರೆ 1 ಗಂಟೆ ಸಾಕು.

ಸೋಸಿದ ರಸವನ್ನು ನಮ್ಮ ಬೇಸಿಗೆಯ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡುವುದು ಅಪಾಯಕರ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ, 3 ದಿನಗಳೊಳಗೆ ಬಳಸಿ. ಮರುದಿನ ಅದು ಅಲುಗಾಡುವ ಮುದ್ದೆಯಂತೆ ಹೆಪ್ಪುಗಟ್ಟಿದ್ದರೆ ಪಾಕ ಸರಿಯಾಗಿದೆ ಎಂದರ್ಥ. ಎಲುಬಿನ ಸುಣ್ಣಾಂಶ ಇದರಲ್ಲಿ ಹೆಚ್ಚೇನೂ ಇಳಿಯುವುದಿಲ್ಲವಾದ್ದರಿಂದ ಇದನ್ನೇ ಪೂರ್ಣ ಆಹಾರವೆಂದು ಭಾವಿಸದೆ, ಬಾಣಂತಿಯರಿಗೂ ಜ್ವರದಿಂದ ಎದ್ದವರಿಗೂ ಮೆತ್ತನೆಯ ಅನ್ನ ಅಥವಾ ಜೋಳದ ರೊಟ್ಟಿಯೊಡನೆ, ಬಡಿಸುವಾಗಲಷ್ಟೇ ಉಪ್ಪು ಬೆರೆಸಿ, ಚೆನ್ನಾಗಿ ಕುದಿಸಿ ಕೊಡಿ.