ನೀತಿ ಎಲ್ಲರಿಗೂ ಒಂದೇನಾ? ಈ ಚರ್ಚೆ ನಡೆಸುವ ಬಗೆ

ನೀತಿ ಎಲ್ಲರಿಗೂ ಒಂದೇ ಅಥವಾ ಊರಿಗೊಂದು, ಜಾತಿಗೊಂದು ಎಂಬ ವಾದ ಹತ್ತೇ ನಿಮಿಷದಲ್ಲಿ ಕೂಗಾಟವಾಗುತ್ತದೆ. ಕೈಯಲ್ಲಿ ಪ್ರಕರಣ ಇಲ್ಲದಿರುವುದೇ ಕಾರಣ. ವ್ಯಾಖ್ಯಾನದಿಂದ ಶುರು ಮಾಡಬೇಡಿ. ಎಂಟು-ಹತ್ತು ಜನ, ಒಂದೂವರೆ ಗಂಟೆ, ಎರಡು ಪ್ರಕರಣ ಸಾಕು: ಒಂದು ಸಾಪೇಕ್ಷವಾದಿಗೆ (ನೀತಿ ಸಮಾಜದಿಂದ ಸಮಾಜಕ್ಕೆ ಬೇರೆ ಎನ್ನುವವರಿಗೆ) ಅನುಕೂಲವಾಗಿರಲಿ, ಇನ್ನೊಂದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಲಿ. ನಮ್ಮ ಕಡೆ ಇದಕ್ಕೆ ಒದಗುವ ಜೋಡಿ ಸೋದರಮಾವನ ಜೊತೆಗಿನ ಮದುವೆ ಮತ್ತು ಎಲ್ಲಮ್ಮನ ಹೆಸರಲ್ಲಿ ಹುಡುಗಿಗೆ ಮುತ್ತು ಕಟ್ಟುವುದು, ಅಂದರೆ ಅವಳನ್ನು ದೇವದಾಸಿಯಾಗಿ ಬಿಡುವುದು.

ಬೋರ್ಡಿನ ಮೇಲೆ ಮೂರು ಕಾಲಂ ಎಳೆಯಿರಿ: ಆಚರಣೆ, ಅದರ ಹಿಂದಿನ ತಿಳಿವಳಿಕೆ, ಅದು ಕಾಪಾಡಲು ಹೊರಟ ಮೌಲ್ಯ.

ಮೊದಲ ಅರ್ಧ ಗಂಟೆ ಮದುವೆಗೆ. ಅಕ್ಕನ ಮಗಳನ್ನು ತಮ್ಮನಿಗೆ ತರುವುದು ಕರ್ನಾಟಕದ ಅನೇಕ ಸಮುದಾಯಗಳಲ್ಲಿ ವಾಡಿಕೆ. ಉತ್ತರ ಭಾರತದ ಬಹುಪಾಲು ಹಿಂದೂಗಳಿಗೆ ಕೇಳಲೂ ಆಗದ ಮಾತು. 1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷೇಧಿಸಿದರೂ ರೂಢಿ ಇದ್ದವರಿಗೆ ವಿನಾಯಿತಿ ಕೊಟ್ಟಿದೆ. ಮೂರನೇ ಕಾಲಂ ತುಂಬಿಸಿ ನೋಡಿ: ಮಗಳು ಕೊಟ್ಟ ಮನೆಯಲ್ಲಿ ಸುಖವಾಗಿರಲಿ, ನೆಂಟಸ್ತಿಕೆ ಉಳಿಯಲಿ ಎಂಬ ಆಸೆ ಎರಡೂ ಕಡೆ ಇದೆ. ಹಾಗೆಯೇ ಲಿಂಗಾಯತರು ಹೂಳುತ್ತಾರೆ, ಬ್ರಾಹ್ಮಣರು ಸುಡುತ್ತಾರೆ; ಸತ್ತವರ ಮೇಲಿನ ಗೌರವ ಒಂದೇ ಅಲ್ಲವೇ? ಹತ್ತಿರದ ಸಂಬಂಧದಲ್ಲಿ ಹುಟ್ಟುವ ಮಕ್ಕಳಿಗೆ ಆನುವಂಶಿಕ ಕಾಯಿಲೆಯ ಅಪಾಯ ಹೆಚ್ಚು ಎಂಬುದು ಎರಡನೇ ಕಾಲಂಗೆ ಸೇರಬೇಕು. ಅದನ್ನು ಮೂರನೆಯದಕ್ಕೆ ಸೇರಿಸಿದರೆ ವೈದ್ಯಕೀಯ ವಿಷಯಕ್ಕೆ ನೀತಿಯ ಜಗಳ ಶುರುವಾಗುತ್ತದೆ.

ಮುಂದಿನ ಐವತ್ತು ನಿಮಿಷ ಮುತ್ತು ಕಟ್ಟುವ ಪ್ರಕರಣಕ್ಕೆ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಆದರೆ ಕಾನೂನನ್ನು ಉತ್ತರವಾಗಿ ಒಪ್ಪಬೇಡಿ. ಕಾಯ್ದೆ ಬರುವ ಮೊದಲು ಅದು ಸರಿಯಿತ್ತೇ ಎಂದು ಕೇಳಿ. ಎರಡನೇ ಕಾಲಂನಲ್ಲಿ ಜಡೆ ಬರೆಯಿರಿ. ತಲೆಗೂದಲು ಜಡೆಗಟ್ಟಿದರೆ ದೇವಿ ಕರೆದಳು ಎಂಬ ನಂಬಿಕೆಯಿಂದ ಎಷ್ಟೋ ಹುಡುಗಿಯರ ಬದುಕು ಹೋಗಿದೆ. ಬಾಚದೆ, ತೊಳೆಯದೆ ಬಿಟ್ಟ ಕೂದಲಿಗೆ ಕೊಳೆ ಸೇರಿ ಗಂಟಾಗುತ್ತದೆ. ಕತ್ತರಿಸಿ ತಲೆ ತೊಳೆದರೆ ಮುಗಿಯಿತು. ಈಗ ಮುಖ್ಯ ಪರೀಕ್ಷೆ: ಜಡೆ ಬರೀ ಕೊಳೆ ಎಂದು ಒಪ್ಪಿದ ಮೇಲೂ ಮುತ್ತು ಕಟ್ಟುವುದನ್ನು ಯಾರಾದರೂ ಸಮರ್ಥಿಸುತ್ತಾರೆಯೇ? ಸಮರ್ಥಿಸಿದರೆ ಮಾತ್ರ ಅದು ನಿಜವಾದ ನೈತಿಕ ಭಿನ್ನಮತ.

"ಅದು ಅವರ ಸಮಾಜದ ನೀತಿ" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಸಮಾಜ ಅಂದರೆ ಯಾರು ಎಂದು ಕೇಳಿ. ಮುತ್ತು ಕಟ್ಟಿಸಿಕೊಳ್ಳುವವಳು ಹೆಚ್ಚಾಗಿ ದಲಿತ ಮನೆಯ ಹುಡುಗಿ, ಬೇಡ ಎನ್ನುವ ವಯಸ್ಸೂ ಆಗಿರದವಳು. ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ ಸಂಘ ಕಟ್ಟಿ ಈ ಪದ್ಧತಿಯ ವಿರುದ್ಧ ನಿಂತಿದ್ದಾರೆ. ಅವರೂ ಅದೇ ಸಮಾಜದವರು. ಮದುವೆಯ ನಿಯಮಗಳಿಗೆ ಸಾಪೇಕ್ಷವಾದ ಒಪ್ಪುತ್ತದೆ. ಬೇಡ ಎನ್ನಲಾರದವಳ ಮೇಲೆ ಹೇರಿದ್ದಕ್ಕೆ ಒಪ್ಪುವುದಿಲ್ಲ ಎಂಬುದು ನಮ್ಮ ಖಚಿತ ನಿಲುವು.

ಎರಡೂ ಕಡೆಯವರು ಎಡವುವ ಜಾಗಗಳಿವೆ. "ಯಾರೂ ಇನ್ನೊಬ್ಬರ ನೀತಿಯನ್ನು ತೂಗಬಾರದು" ಎನ್ನುವವರು ತಾವೇ ಎಲ್ಲರಿಗೂ ಒಂದು ನಿಯಮ ಹಾಕಿರುತ್ತಾರೆ. ಸಮಾಜ ಒಪ್ಪಿದ್ದೇ ನೀತಿಯಾದರೆ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟ, ಬಸವಣ್ಣನ ಕಾಲದ ಕಲ್ಯಾಣದ ಶರಣರು ತಪ್ಪಿತಸ್ಥರಾಗುತ್ತಾರೆ. ನಿರಪೇಕ್ಷವಾದಿಯ (ನೀತಿ ಎಲ್ಲರಿಗೂ ಒಂದೇ ಎನ್ನುವವರ) ತಪ್ಪು ಬೇರೆ: "ಎಲ್ಲರಿಗೂ ಅನ್ವಯ" ಎನ್ನುವುದನ್ನು "ಎಂದೂ ವಿನಾಯಿತಿ ಇಲ್ಲ" ಎಂದು ಓದುವುದು. ಎಂದೂ ಸುಳ್ಳಾಡೆನೆಂದು ವ್ರತ ಹಿಡಿದ ಮಹಾಭಾರತದ ತಪಸ್ವಿ ಕೌಶಿಕ ಕಳ್ಳರಿಗೆ ನಿಜ ಹೇಳಿ, ಅವಿತವರನ್ನು ಕೊಲ್ಲಿಸಿ ನರಕಕ್ಕೆ ಹೋದ. ಎಲ್ಲರಿಗೂ ಅನ್ವಯಿಸುವ ಆ ನಿಯಮಕ್ಕೆ ಆಧಾರ ಎಲ್ಲಿಯದು ಎಂಬ ಪ್ರಶ್ನೆಯಿಂದಲೂ ಇವರನ್ನು ಬಿಡಬೇಡಿ, ಅದು ಕಷ್ಟದ್ದೇ.

ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ಒಂದು ಸಾಲು ಬರೆಯಲಿ: ಏನು ಗೊತ್ತಾದರೆ ನನ್ನ ಅಭಿಪ್ರಾಯ ಬದಲಾಗುತ್ತದೆ? "ಏನೂ ಇಲ್ಲ" ಎಂದು ಬರೆದವರಿಗೆ ಬೋರ್ಡು ತೋರಿಸಿ, ಅವರ ಮಾತು ಯಾವ ಕಾಲಂನದು ಎಂದು ಕೇಳಿ.